ದೊಡ್ಡ ಹೊಟ್ಟೆಯ ಗಿಟಾರು

ನಾನು ಮೋಟಾರು ಸುತ್ತುವವನು. ಅಫಜಲಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ, ಮನೆಯ ಮುಂದಿನ ಖೋಲಿಯೇ ನನ್ನ ಅಂಗಡಿ. ಸುಟ್ಟ ಪಂಪಸೆಟ್ಟುಗಳು ಬರುತ್ತವೆ. ಒಳಗಿನ ಕರಕಲು ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತೇನೆ. ಈ ಕೆಲಸದಲ್ಲಿ ಎಣಿಕೆಯೇ ಎಲ್ಲ. ಎಂಬತ್ತೆರಡು ಸುತ್ತು ಎಂದರೆ ಎಂಬತ್ತೆರಡೇ, ಒಂದು ಹೆಚ್ಚಾದರೂ ಮೋಟಾರು ಮುನಿಸಿಕೊಳ್ಳುತ್ತದೆ. ಸುತ್ತುವಾಗ ಯಾರಾದರೂ ಮಾತಾಡಿಸಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಚಂದ್ರಾಮಪ್ಪ ಸಿಡುಕ ಎಂದು ಊರು ಮಾತಾಡುವುದಕ್ಕೆ ಈ ಎಣಿಕೆಯೇ ಕಾರಣ. ಹುಟ್ಟಿದಾಗಿನಿಂದಲೇ ಹೀಗೆ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಅದನ್ನು ನಂಬಬೇಡಿ.

ನನ್ನ ಎಣಿಕೆಗೆ ದೊಡ್ಡ ವೈರಿ ಅವಳೇ ಆಗಿದ್ದಳು. ಹೆಸರು ಸುಮಿತ್ರಾಬಾಯಿ. ಮುಂಜಾನೆ ಪೂಜೆ ಮುಗಿಸಿ ರೊಟ್ಟಿ ಬಡಿಯುತ್ತ ವಚನ ಹಾಡಲು ಶುರು ಮಾಡಿದರೆ ಮೂರು ಮನೆಯಾಚೆ ಕೇಳಬೇಕು, ಅಂಥ ಏರುದನಿ. ಹೆಂಗಸರು ಕೂಡಿ ವಚನ ಹಾಡುವ ಅಕ್ಕನ ಬಳಗದಲ್ಲಿ ಮೊದಲ ಸಾಲು ಎತ್ತಿಕೊಡುವವಳು ಅವಳೇ. ನಾನು ನಲವತ್ತನೆಯ ಸುತ್ತಿನಲ್ಲೋ ಐವತ್ತರಲ್ಲೋ ಎಣಿಕೆ ತಪ್ಪಿ ಕೂಗುತ್ತಿದ್ದೆ.

"ಸಣ್ಣಗ ಹಾಡಬೇ! ಲೆಕ್ಕ ತಪ್ಪಾಕತ್ತೈತಿ!"

"ಕಿವ್ಯಾಗ ಹತ್ತಿ ಇಟ್ಕೋರಿ!" ಎಂದು ಅವಳು ದನಿಯನ್ನು ಇನ್ನೂ ಒಂದು ಮೆಟ್ಟಿಲು ಏರಿಸುತ್ತಿದ್ದಳು.

ಹೋದ ವರ್ಷ ಅವಳ ಗಂಟಲಲ್ಲಿ ಗಂಟು ಕಾಣಿಸಿತು. ಸೊಲ್ಲಾಪುರಕ್ಕೆ ಹೋಗಿ ಆಪರೇಷನ್ ಮಾಡಿಸಿದೆವು. ದನಿ ಬದಲಾದರೂ ಆಗಬಹುದು ಎಂದು ಡಾಕ್ಟರು ಮೊದಲೇ ಕೂಡಿಸಿಕೊಂಡು ಹೇಳಿದ್ದರು, ಜೀವ ಮುಖ್ಯ ಎಂದು ನಾವೇ ಒಪ್ಪಿದ್ದೆವು. ಜೀವ ಉಳಿಯಿತು. ದನಿ ಮಾತ್ರ ಇಳಿದೇ ಹೋಯಿತು. ದಪ್ಪಗೆ, ಒರಟಾಗಿ, ಎದೆಯ ತಳದಿಂದ ಬರುವ ದನಿ.

ಅವಳ ತಂಗಿ ಕಸ್ತೂರಿಬಾಯಿಯನ್ನು ನೆಲೋಗಿಗೆ ಕೊಟ್ಟಿದೆ. ಆಸ್ಪತ್ರೆಯಿಂದ ಬಂದ ಹದಿನೈದು ದಿನಕ್ಕೆ ಅವಳ ಫೋನು ಬಂತು. ಸುಮಿತ್ರಾ ಎತ್ತಿ, "ಹೇಳವ್ವಾ, ಆರಾಮ ಅದೀಯೇನು?" ಎಂದಳು. ಆ ಕಡೆಯಿಂದ ಕಸ್ತೂರಿ, "ಆರಾಮ ಅದೇನ್ರಿ ಮಾವಾ. ಅಕ್ಕಗ ಕೊಡ್ರಿ ಫೋನು," ಎಂದಳು.

ಸುಮಿತ್ರಾ ಫೋನನ್ನು ತಂದು ನನ್ನ ಕೈಗಿಟ್ಟು ಒಳಗೆ ಹೋದಳು.

ಅಂದಿನಿಂದ ಫೋನು ಮುಟ್ಟುವುದು ಬಿಟ್ಟಳು, ಅಕ್ಕನ ಬಳಗ ಬಿಟ್ಟಳು, ರೊಟ್ಟಿ ಬಡಿಯುವಾಗಿನ ಹಾಡು ಬಿಟ್ಟಳು. ನನ್ನೊಂದಿಗೆ ಅರ್ಧ ಮಾತು ಕಣ್ಣಲ್ಲೇ ಮುಗಿಸುತ್ತಿದ್ದಳು. ಎಂಟು ತಿಂಗಳು ನನ್ನ ಎಣಿಕೆ ಒಮ್ಮೆಯೂ ತಪ್ಪಲಿಲ್ಲ. ಅಷ್ಟು ಚೊಕ್ಕ ಕೆಲಸ ನಾನು ಜೀವಮಾನದಲ್ಲಿ ಮಾಡಿರಲಿಲ್ಲ, ಅಷ್ಟು ಸಂಕಟವನ್ನೂ ಪಟ್ಟಿರಲಿಲ್ಲ. ನನ್ನ ಮೊಬೈಲಿನಲ್ಲಿ ಅವಳ ಹಳೆಯ ಹಾಡೊಂದು ಉಳಿದಿತ್ತು. ಅಂಗಡಿಯ ಬಾಗಿಲು ಮುಂದೆ ಮಾಡಿ, ಸಣ್ಣಗೆ ಇಟ್ಟುಕೊಂಡು ಅದನ್ನು ಕೇಳುತ್ತಿದ್ದೆ. ಅವಳಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ.

ದೀಪಾವಳಿಗೆ ಮಗಳು ಸೃಷ್ಟಿ ಕಲಬುರಗಿಯ ಹಾಸ್ಟೆಲಿನಿಂದ ಬಂದಳು. ಮಧ್ಯಾಹ್ನ ತಾಯಿ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು, ಮಗಳು ಪಕ್ಕದಲ್ಲಿ ಬಿದ್ದುಕೊಂಡು ಮೊಬೈಲು ನೋಡುತ್ತಿದ್ದಳು. ಅದರಲ್ಲಿ ಯಾರೋ ಒಬ್ಬ ದೊಡ್ಡ ಹೊಟ್ಟೆಯ ಗಿಟಾರು ನುಡಿಸುತ್ತಿದ್ದ. ಹಾಡಿಲ್ಲ, ಬರೀ ತಂತಿ, ಅದೂ ಕೆಳಗಿನ ದನಿ. ನಾನು ನೀರು ಕುಡಿಯಲು ಒಳಗೆ ಹೋದವನು ಬಾಗಿಲಲ್ಲೇ ನಿಂತೆ. ಸುಮಿತ್ರಾ ಕಾಳಿನಿಂದ ಕಣ್ಣು ತೆಗೆಯದೆ ಆ ತಂತಿಯ ಜೊತೆಗೆ ಗುನುಗುತ್ತಿದ್ದಳು. ಎಂಟು ತಿಂಗಳ ಮೇಲೆ! ಸೃಷ್ಟಿ ನನ್ನ ಕಡೆ ನೋಡಿ ಮಾತಾಡಬೇಡ ಎಂದು ಕಣ್ಣಲ್ಲೇ ಹೇಳಿದಳು. ವಿಡಿಯೋ ಮುಗಿಯಿತು, ಗುನುಗೂ ನಿಂತಿತು. ತಾನು ಗುನುಗಿದ್ದು ಅವಳಿಗೇ ಗೊತ್ತಾಗಿರಲಿಲ್ಲ.

ಮರುವಾರವೇ ನಾನು ಕಲಬುರಗಿಗೆ ಹೋದೆ. ಸೃಷ್ಟಿ ಮೊದಲೇ ತಾಕೀತು ಮಾಡಿದ್ದಳು: "ಸಣ್ಣದು ತಗೋಬ್ಯಾಡಪ್ಪಾ. ಜಂಬೋ ಅಂತ ಕೇಳು. ಹೊಟ್ಟಿ ದೊಡ್ಡದಿದ್ರನ ಆ ಕೆಳಗಿನ ದನಿ ಬರ್ತೈತಿ." ಅಂಗಡಿಯಲ್ಲಿ ಜಂಬೋಗಳ ಬೆಲೆ ಕೇಳಿ ನನ್ನ ಹೊಟ್ಟೆಯೇ ಸಣ್ಣದಾಯಿತು. ಮೂಲೆಯಲ್ಲಿ ಅಗ್ಗದ್ದೊಂದಿತ್ತು. ಮೈ ಪ್ಲೈವುಡ್ಡು, ಬಣ್ಣ ಕಡುಕೆಂಪು, ಹೊಟ್ಟೆ ಮಾತ್ರ ಸರಿಯಾಗಿ ದೊಡ್ಡದು. ಹಾಸ್ಟೆಲಿನಿಂದ ಜೊತೆಗೆ ಬಂದಿದ್ದ ಮಗಳು ತಂತಿ ಮೀಟಿ ನೋಡಿ, "ಇದಽ ಇರಲಿ, ಬೇಕಾದ್ದು ಆಮ್ಯಾಲ ಬದಲಿ ಮಾಡಿಸೋಣು," ಎಂದಳು. ನನ್ನ ಕಸುಬೂ ಅದೇ ಅಲ್ಲವೇ? ಮೈ ಗಟ್ಟಿಯಿದ್ದರೆ ಒಳಗಿನದನ್ನು ಬದಲಿಸಬಹುದು.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡರೆ ನನ್ನ ಮುಖ ಕಾಣುತ್ತಿರಲಿಲ್ಲ. ಚೌಡಾಪುರದಲ್ಲಿ ಹತ್ತಿದ ಮುದುಕನೊಬ್ಬ, "ಕೂಲರ್ ಏನ್ರಿ ಅದು?" ಎಂದು ಕೇಳಿದ. "ಹೌದ್ರಿ, ನೀರಿಲ್ದ ನಡೀತೈತಿ," ಎಂದೆ. ಅತನೂರು ಬರುವತನಕ ಅವನು ಅದರ ತೂತಿಗೆ ಮುಖ ಹಿಡಿದು ಗಾಳಿ ಬರುತ್ತದೋ ಎಂದು ನೋಡುತ್ತಲೇ ಇದ್ದ.

ಸುಮಿತ್ರಾ ಗಿಟಾರನ್ನು ನೋಡಿ, "ತಲಿ ಕೆಟ್ಟೈತಿ ನಿಮಗ," ಎಂದಳು. ರಾತ್ರಿ ಊಟ ಮಾಡುವವರೆಗೆ ಅದರ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ತೊಡೆಯ ಮೇಲಿಟ್ಟುಕೊಂಡು ದಪ್ಪ ತಂತಿಯನ್ನು ಒಂದೇ ಒಂದು ಸಲ ಮೀಟಿದಳು. ಆ ದನಿ ಅವಳ ಎದೆಗೆ ತಾಕಿದ್ದು ನನಗೆ ಕಾಣಿಸಿತು.

ಆದರೆ ಅಗ್ಗದ ಮಾಲು ಅಗ್ಗದ್ದೇ. ತಂತಿಗಳು ಬಟ್ಟೆ ಒಣಹಾಕುವಷ್ಟು ಎತ್ತರಕ್ಕಿದ್ದವು, ಒತ್ತಿದರೆ ಬೆರಳಿಗೆ ಬರೆ ಬೀಳುತ್ತಿತ್ತು. ಬಿರಡೆಗಳು ಸಡಿಲ. ಮುಂಜಾನೆ ಶ್ರುತಿ ಮಾಡಿದರೆ ಚಹಾ ಕುಡಿಯುವಷ್ಟರಲ್ಲಿ ಇಳಿದಿರುತ್ತಿತ್ತು. ಇದೆಲ್ಲ ಸಾಲದು ಎಂಬಂತೆ ನಾನೂ ಒಂದು ಕೈ ಸೇರಿಸಿದೆ. ಬೆರಳು ಸರಾಗವಾಗಿ ಓಡಾಡಲಿ ಎಂದು, ಕುಡಗೋಲಿನ ಹಿಡಿಗೆ ಹಚ್ಚುವ ಹಾಗೆ, ಗಿಟಾರಿನ ಉದ್ದ ಕುತ್ತಿಗೆಗೆಲ್ಲ ಕುಸುಬಿ ಎಣ್ಣೆ ತಿಕ್ಕಿದೆ. ನಾಲ್ಕು ದಿನಕ್ಕೆ ಎಣ್ಣೆ ಬೆಲ್ಲದ ಪಾಕದಂತೆ ಅಂಟಾಯಿತು. ಓಣಿಯ ಧೂಳೆಲ್ಲ ಬಂದು ಅಲ್ಲೇ ಕೂತಿತು. ಸುಮಿತ್ರಾಳ ಬೆರಳು ತಂತಿಗೆ ಅಂಟಿಕೊಂಡು ಕೀಳಲು ಬಾರದಾಯಿತು. ಅವಳು ಗಿಟಾರನ್ನು ಜೋಳದ ಚೀಲಗಳ ಹಿಂದೆ ಸರಿಸಿಟ್ಟಳು.

ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಅಲ್ಲಿ ಇಲ್ಲಿ ವಿಚಾರಿಸಿದಾಗ ಆಳಂದದ ಅಜರುದ್ದೀನನ ಹೆಸರು ಸಿಕ್ಕಿತು. ಕವ್ವಾಲಿಯವರ ಬ್ಯಾಂಜೋ, ಭಜನೆಯವರ ಹಾರ್ಮೋನಿಯಂ ಪೇಟಿ, ಶಾಲೆಯವರ ಡ್ರಮ್ಮು ಎಲ್ಲ ರಿಪೇರಿ ಮಾಡುವವನಂತೆ. ಕಲಬುರಗಿಯಲ್ಲಿ ಬಸ್ಸು ಬದಲಿಸಿ ಗಿಟಾರು ಹೊತ್ತುಕೊಂಡು ಹೋದೆ. ದರ್ಗಾದ ಕಡೆಯ ಓಣಿಯಲ್ಲಿ ಅವನ ಅಂಗಡಿ, ಹಿಂದೆ ಮನೆ. ವಯಸ್ಸು ನಲವತ್ತರ ಆಸುಪಾಸು, ಕಿವಿಯ ಮೇಲೆ ಪೆನ್ಸಿಲು. ಗಿಟಾರಿನ ಕತ್ತಿನ ಮೇಲೆ ಉಗುರಿನಿಂದ ಗೀಚಿ ಮೂಸಿ ನೋಡಿದ.

"ಕುಸುಬಿ ಎಣ್ಣಿ?"

"ಹೌದ್ರಿ," ಎಂದೆ. ಅಷ್ಟು ಸಣ್ಣ ದನಿಯಲ್ಲಿ ನಾನು ಮಾತಾಡಿದ್ದು ಅಪರೂಪ.

"ಒಗ್ಗರಣಿ ಒಂದು ಬಾಕಿ ಉಳಿಸೀರಿ ನೋಡ್ರಿ," ಎಂದು ಅವನು ನಕ್ಕ. "ಇರಲಿ. ಹಲಗಿ ಪ್ಲೈವುಡ್ ಇದ್ರೂ ಹೊಟ್ಟಿ ಚಲೋ ಐತಿ. ಬಿರಡಿ ಬದಲಿ ಮಾಡ್ತೇನಿ, ತಂತಿ ಬದಲಿ ಮಾಡ್ತೇನಿ." ಆಮೇಲೆ ತಂತಿಗಳು ಹಾದುಹೋಗುವ ತಳದ ಬಿಳಿ ಪಟ್ಟಿಯನ್ನು ತೋರಿಸಿದ. "ಇದು ಪ್ಲಾಸ್ಟಿಕ್ಕು. ತಂತಿ ದನಿ ಹೊಟ್ಟಿಗಿ ಇಳಿಯೂದು ಇದರ ಮ್ಯಾಲಿಂದನ. ಇದು ಸತ್ತಂಗ ಇದ್ರ ಎಲ್ಲಾ ಸತ್ತಂಗ. ಹ್ಯಾಂಗಿರಬೇಕ್ರಿ ನಿಮಗ ದನಿ?"

ನಾನು ಮೊಬೈಲು ತೆಗೆದು ಸುಮಿತ್ರಾಳ ಹಳೆಯ ಹಾಡು ಹಚ್ಚಿದೆ. "ಹಿಂಗ ಇರಬೇಕ್ರಿ," ಎಂದೆ. "ನನ್ನ ಹೆಂಡತಿ ದನಿ ಇದು." ಅದು ಈಗ ಇಲ್ಲ ಎಂಬ ಮಾತು ಬಾಯಿಂದ ಬರಲಿಲ್ಲ.

ಅವನು ಕಣ್ಣು ಮುಚ್ಚಿ ಕೇಳಿದ. "ವಾಹ್! ಇದಕ್ಕ ಎಲುಬಿನ ಪಟ್ಟಿನ ಬೇಕು. ಕಂಚಿನಂಗ ದನಿ ಬರ್ತೈತಿ." ಆಮೇಲೆ ನನ್ನ ಹಣೆಯ ವಿಭೂತಿ ನೋಡಿ, ಕೈಲಿದ್ದ ಅರವನ್ನು ಕೆಳಗಿಟ್ಟ. "ಅಣ್ಣಾರ, ಎಲುಬು ಅಂದ್ರ ಎಮ್ಮಿ ಎಲುಬು. ನಿಮ್ಮ ಮನ್ಯಾಗ ನಡೀತೈತೇನ್ರಿ? ಅಕ್ಕಾರಿಗಿ ಒಂದು ಮಾತು ಕೇಳ್ರಿ."

ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಮೊಟ್ಟೆಯ ಸಿಪ್ಪೆ ಅಂಗಳದಲ್ಲಿ ಬಿದ್ದರೂ ಸುಮಿತ್ರಾ ಇಡೀ ಅಂಗಳ ತೊಳೆಯುತ್ತಾಳೆ. ಅದು ನನಗೆ ಚೆನ್ನಾಗಿ ಗೊತ್ತು. ಆದರೆ ಕಂಚಿನಂಥ ದನಿ ಎಂಬ ಮಾತು ಕಿವಿಯಲ್ಲಿ ಕೂತುಬಿಟ್ಟಿತ್ತು.

"ನಡೀತೈತ್ರಿ, ಕೇಳೇನಿ," ಎಂದು ಸುಳ್ಳು ಹೇಳಿದೆ.

ವಾರ ಬಿಟ್ಟು ಹೋದಾಗ ಗಿಟಾರು ಗುರುತು ಸಿಗದಂತಾಗಿತ್ತು. ಕತ್ತು ಚೊಕ್ಕವಾಗಿತ್ತು, ತಂತಿ ಕೆಳಗಿಳಿದು ಬೆರಳಿಗೆ ಹಗುರವಾಗಿತ್ತು. ಮೀಟಿದರೆ ಠಣ್ ಎಂದು ಓಣಿಯ ಆ ತುದಿಗೆ ಕೇಳುತ್ತಿತ್ತು. ನನ್ನ ಎದೆ ಉಬ್ಬಿತು. ಬಸ್ಸಿನಲ್ಲಿ ಅದನ್ನು ಯಾರೂ ಕೂಲರ್ ಎನ್ನದಿದ್ದುದಕ್ಕೆ ಸ್ವಲ್ಪ ಬೇಸರವೂ ಆಯಿತು.

ಮರುದಿನ ಮುಂಜಾನೆ ಸುಮಿತ್ರಾ ಅದನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು ಅಂಗಡಿಯಲ್ಲಿ ತಂತಿ ಸುತ್ತುತ್ತಿದ್ದೆ, ಕಿವಿ ಒಳಗಿತ್ತು. ತಂತಿ ಠಣ್ ಎಂದಿತು. ಇನ್ನೊಮ್ಮೆ ಎಂದಿತು. ಅವಳು ಗಂಟಲು ಸರಿಮಾಡಿಕೊಂಡಳು, ಹಾಡು ಎತ್ತಲು ನೋಡಿದಳು, ಕೆಮ್ಮಿದಳು. ಮತ್ತೆ ಎತ್ತಲು ನೋಡಿದಳು. ಆಮೇಲೆ ಏನೂ ಕೇಳಲಿಲ್ಲ. ಒಳಗೆ ಹೋಗಿ ನೋಡಿದರೆ ಗಿಟಾರು ಗೋಡೆಗೆ ಒರಗಿತ್ತು, ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಯಾಕಬೇ? ಚಲೋ ಆಗೇತಲ್ಲ?"

"ಚಲೋ ಆಗೇತ್ರಿ. ನನ್ನ ಮೊದಲಿನ ದನಿ ಇದ್ದಂಗ ಆಗೇತಿ," ಎಂದಳು. "ಅದರ ಜೋಡಿ ನಾ ಹ್ಯಾಂಗ ಹಾಡ್ಲಿ? ಅದು ಮ್ಯಾಲ ಕುಂತೈತಿ, ನಾ ಇಲ್ಲಿ ಕೆಳಗದೇನಿ. ಮೊದಲ ಆ ಹಾಳು ಪ್ಲಾಸ್ಟಿಕ್ ಇದ್ದಾಗರೆ ನನ್ನ ಮಟ್ಟಕ್ಕ ಇತ್ತು."

ನನಗೆ ಆ ಹೊತ್ತಿನಲ್ಲಿ ಇನ್ನೊಂದು ಸುಳ್ಳು ಹೇಳುವ ಶಕ್ತಿ ಇರಲಿಲ್ಲ. ಅಜರುದ್ದೀನನಿಗೆ ಹಳೆಯ ಹಾಡು ಕೇಳಿಸಿದ್ದನ್ನು ಹೇಳಿದೆ, ಎಲುಬಿನ ಪಟ್ಟಿಯನ್ನೂ ಹೇಳಿದೆ.

ಅವಳು ಗಿಟಾರಿನಿಂದ ದೂರ ಸರಿದು ಕೂತಳು. "ಇದನ್ನ ತೊಡಿ ಮ್ಯಾಲ ಇಟ್ಕೊಂಡು ವಚನ ಹಾಡಾಕ ಕುಂತಿದ್ದೆನಲ್ರಿ ನಾ," ಎಂದಳು. "ಕೇಳಿದ್ರ ಬ್ಯಾಡ ಅಂತಿದ್ದೆ, ಮುಗೀತಿತ್ತು. ಯಾಕ ಕೇಳಲಿಲ್ಲ? ದನಿ ಹೋದ ಮ್ಯಾಲ ನನಗ ಬಾಯಿನೂ ಇಲ್ಲ ಅಂತ ತಿಳದೀರೇನು?"

ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಬೈದದ್ದು ಬಹಳ ಸಲ. ಈ ಮಾತಿನಷ್ಟು ಯಾವುದೂ ಚುಚ್ಚಿರಲಿಲ್ಲ. ಅವಳು ಎದ್ದು ಸೀರೆ ಬದಲಿಸಿದಳು. "ನಡ್ರಿ ಆಳಂದಕ್ಕ. ನಾನಽ ಮಾತಾಡ್ತೇನಿ."

ನಾನು ಮಾತಾಡ್ತೇನಿ ಎಂದು ಅವಳು ಹೇಳಿ ಎಂಟು ತಿಂಗಳ ಮೇಲಾಗಿತ್ತು. ಬೈಸಿಕೊಂಡ ನೋವಿನಲ್ಲೂ ನನಗೆ ಅದು ತಿಳಿಯಿತು.

ಅಜರುದ್ದೀನ ನಮ್ಮಿಬ್ಬರನ್ನೂ ನೋಡಿ ಎದ್ದು ನಿಂತ. ಸುಮಿತ್ರಾ ಬಾಗಿಲಲ್ಲೇ ನಿಂತು ಹೇಳಿದಳು: "ತಮ್ಮಾ, ನಿನ್ನ ಕೈಕೆಲಸ ಚಲೋ ಐತಿ. ಆದ್ರ ಎಲುಬು ನಮ್ಮ ಮನಿಗಿ ನಡಿಯಂಗಿಲ್ಲಪ್ಪಾ. ಇವರು ನಿನಗ ಸುಳ್ಳು ಹೇಳ್ಯಾರ."

ಅಜರುದ್ದೀನ ನನ್ನ ಕಡೆ ತಿರುಗಿದ. "ಅಣ್ಣಾರ, ನಿಮ್ಮ ಸುಳ್ಳಿಗಿ ನನ್ನ ಕೈನೂ ಹಚ್ಚಿಸಿದ್ರಲ್ರಿ," ಎಂದ. ಅವನಿಗೆ ನಿಜವಾಗಿಯೂ ನೋವಾಗಿತ್ತು. ನಾನು ತಲೆ ತಗ್ಗಿಸಿ ಒಂದು ಸ್ಟೂಲಿನ ಮೇಲೆ ಕೂತೆ.

ಅವನು ಸುಮಿತ್ರಾಳನ್ನು ಕೂಡಿಸಿ, ನೀರು ಕೊಟ್ಟು, ಅವಳ ಮಾತನ್ನೆಲ್ಲ ಕೇಳಿದ. ಆಪರೇಷನ್ನು, ಹೋದ ದನಿ, ಎಲ್ಲ. "ಅಕ್ಕಾರ, ಮೊಬೈಲಿನ್ಯಾಗಿನ ದನಿ ಒಮ್ಮಿ ಕೇಳೇನಿ, ಅಷ್ಟ. ನನ್ನ ಮುಂದ ಕುಂತು ಮಾತಾಡಾಕತ್ತಿದ್ದು ಈ ದನಿ," ಎಂದ. "ಈ ದನಿಗಿ ಎಲುಬು ಹೊಂದಂಗಿಲ್ಲ, ಚುಚ್ಚತೈತಿ. ಕಟಗಿ ಬೇಕು. ಎಣ್ಣಿ ಕುಡದು, ಕೈ ತಿಕ್ಕಿ ತಿಕ್ಕಿ ಕಲ್ಲಾದಂಥ ಕಟಗಿ." ಡಬ್ಬಿಯೊಳಗಿನ ತುಂಡುಗಳನ್ನೆಲ್ಲ ಕಲ್ಲಿನ ಮೇಲೆ ಕುಟ್ಟಿ ಕುಟ್ಟಿ ಕಿವಿಗೊಟ್ಟು ನೋಡಿದ. ತೇಗ ಮೆತ್ತಗಿತ್ತು, ಬಿದಿರು ಪೊಳ್ಳು ಎಂದಿತು. ಯಾವುದೂ ಒಪ್ಪಿಗೆಯಾಗಲಿಲ್ಲ.

ಹಿಂದಿನ ಅಂಗಳದಲ್ಲಿ ಅವನ ತಾಯಿ ಕರೀಮುನ್ನಿಸಾ ಬೀಸುಕಲ್ಲಿನಲ್ಲಿ ತೊಗರಿ ಒಡೆಯುತ್ತಿದ್ದರು. ಎಂಬತ್ತರ ಮುದುಕಿ. ಗಿರಣಿಯ ಬೇಳೆ ಅವರಿಗೆ ಸೇರುವುದಿಲ್ಲವಂತೆ. ಕಲ್ಲಿನ ಸದ್ದು ನಿಂತಿತು. "ಕೌನ್ ರೇ ಬೇಟಾ, ಯಾರು ಬಂದಾರ?" ಎಂದು ಅಲ್ಲಿಂದಲೇ ಕೇಳಿ, ಸ್ವಲ್ಪ ಹೊತ್ತಿಗೆ ಗೋಡೆ ಹಿಡಿದುಕೊಂಡು ಬಂದರು. ಕೈಯಲ್ಲಿ ಬೀಸುಕಲ್ಲಿನ ಗೂಟ ಇತ್ತು.

"ನಿಮ್ಮ ಮಾತು ಎಲ್ಲಾ ಕೇಳ್ದೆ," ಎಂದರು. "ಜಾಲಿ ಗಿಡದ ನಡು ಕಟಗಿ ಇದು. ನಮ್ಮ ಅತ್ತಿ ಹಿಡದಿದ್ದು, ಅವರ ಮ್ಯಾಲ ನಾ ಹಿಡದಿದ್ದು. ಕುಟ್ಟಿ ನೋಡು." ಅಜರುದ್ದೀನ ಕುಟ್ಟಿದ. ಟಣಕ್ ಎಂಬ ಸದ್ದಿನ ಹಿಂದೆ ಒಂದು ಗುಂಯ್ ಉಳಿಯಿತು. ಅವನು ಮೇಲಕ್ಕೆ ನೋಡಿದ.

"ಬ್ಯಾಡ್ರಿ ಅಮ್ಮಾರ," ಎಂದಳು ಸುಮಿತ್ರಾ. "ನೀವು ಹ್ಯಾಂಗ ಬೀಸ್ತೀರಿ?"

"ಹೊಸಾ ಗೂಟ ಜಡಿಸ್ಕೋತೀನಿ ಬೇಟಿ. ಅದಕ್ಕೂ ನನ್ನ ಕೈ ಗುರ್ತ ಆಗಲಿ."

ಅಜರುದ್ದೀನ ಗೂಟವನ್ನು ಉದ್ದಕ್ಕೆ ಸೀಳಿ, ಕಡ್ಡಿಯಷ್ಟು ತೆಳ್ಳಗಿನ ಪಟ್ಟಿ ತೆಗೆದು ಅರ ಹಿಡಿದು ಕೂತ. ಅವನು ತಿಕ್ಕುವಷ್ಟು ಹೊತ್ತು ಇಬ್ಬರು ಹೆಂಗಸರೂ ಅಂಗಳದಲ್ಲಿ ತೊಗರಿ ಕೇರುತ್ತ ಕೂತರು. ಕರೀಮುನ್ನಿಸಾ ತಮ್ಮ ಮಾತಿನಲ್ಲಿ ಒಂದು ಬೀಸುವ ಹಾಡು ಹೇಳಿದರು. ಏರೂ ಇಲ್ಲ, ಬಳುಕೂ ಇಲ್ಲ, ಕಲ್ಲಿನ ಜೊತೆಗೆ ಸುತ್ತುವ ಕೆಳದನಿ. "ಬೀಸಾಕ ಕುಂತವರು ಒದರಿ ಹಾಡಿದ್ರ ಉಸರು ಎಲ್ಲಿಂದ ಬರಬೇಕು?" ಎಂದು ನಕ್ಕರು. "ನಿನ್ನ ದನಿ ಬೀಸಾಕ ಕುಂತವರ ದನಿ ನೋಡು."

"ದನಿ ಹೋಗೇತ್ರಿ ಅಮ್ಮಾರ ನಂದು."

"ಎಲ್ಲಿ ಹೋಗೇದ? ಈಗ ಮಾತಾಡಿದ್ದು ಯಾರು ಮತ್ತ?"

ಪಟ್ಟಿ ಕೂತಿತು. ಅಜರುದ್ದೀನ ತಂತಿಗಳ ಶ್ರುತಿಯನ್ನು ಎರಡು ಮನೆ ಇಳಿಸಿ, ಒತ್ತುವ ಕೆಲಸವೇ ಬೇಡದಂತೆ, ತಂಬೂರಿಯ ಹಾಗೆ ಬರೀ ಮೀಟಿದರೆ ಶ್ರುತಿ ಬರುವಂತೆ ಕೂಡಿಸಿದ. ಸುಮಿತ್ರಾ ಮೀಟಿದಳು. ಠಣ್ ಎನ್ನಲಿಲ್ಲ. ಮಂದವಾಗಿ, ತುಂಬಿಕೊಂಡು, ನೆಲದ ಮಟ್ಟಕ್ಕೆ ಬಂತು. ಅವಳು ಬಾಯಿ ಮುಚ್ಚಿಕೊಂಡೇ ಒಮ್ಮೆ ಅದರ ಜೊತೆಗೆ ಗುನುಗಿದಳು, ಅಷ್ಟೇ. ಬಸ್ಸಿಗೆ ಹೊತ್ತಾಗಿತ್ತು. ಎಲುಬಿನ ಪಟ್ಟಿಯನ್ನು ಅಜರುದ್ದೀನ ಬೇರೆ ಯಾರಿಗಾದರೂ ಆಗುತ್ತದೆಂದು ಎತ್ತಿಟ್ಟ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಚೌಡಾಪುರ ದಾಟಿದ ಮೇಲೆ ಮಾತಾಡಿದಳು.

"ಅಂಗಡಿ ಬಾಗಲಾ ಮುಂದ ಮಾಡ್ಕೊಂಡು ನನ್ನ ಹಳೇ ಹಾಡು ಕೇಳ್ತೀರಿ. ನನಗ ಗೊತ್ತೈತಿ."

ನಾನು ಗಿಟಾರನ್ನು ತೊಡೆಯ ಮೇಲೆ ಸರಿಪಡಿಸಿಕೊಂಡೆ.

"ಕೇಳ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅಕಿನ್ನ ಹುಡುಕೂತ ಹೋಗಬ್ಯಾಡ್ರಿ. ಅಕಿ ಮೊಬೈಲನ್ಯಾಗ ಅದಾಳ. ನಾ ಇಲ್ಲಿ ಅದೇನಿ."

ಅವಳ ಕೈ ನನ್ನ ಕೈಯ ಪಕ್ಕದಲ್ಲೇ ಸೀಟಿನ ಮೇಲಿತ್ತು. ಬಸ್ಸಿನ ತುಂಬ ಜನ. ಆದರೂ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ನನ್ನ ಮದುವೆಯಾದದ್ದು ಈ ಹೆಂಗಸಿನ ಜೊತೆ, ಅವಳ ದನಿಯ ಜೊತೆಯಲ್ಲ. ಇಷ್ಟು ಸಣ್ಣ ಸಂಗತಿಯನ್ನು ಅವಳ ಬಾಯಿಂದ ಹೇಳಿಸಿಕೊಳ್ಳಬೇಕಾಯಿತಲ್ಲ ಎಂದು ನನಗೆ ನಾಚಿಕೆಯಾಯಿತು.

ಮರುದಿನ ಮುಂಜಾನೆ ಒಬ್ಬ ರೈತ ಐದು ಎಚ್‌ಪಿ ಮೋಟಾರು ತಂದು ಸಂಜೆಗೇ ಬೇಕೆಂದು ಕೂತ. ನಾನು ತಂತಿ ಸುತ್ತಲು ಶುರು ಮಾಡಿದೆ. ಒಳಗೆ ಸುಮಿತ್ರಾ ತಾನಾಗಿಯೇ ಫೋನು ಹಚ್ಚಿದ್ದು ಕೇಳಿಸಿತು. ಸ್ಪೀಕರಿನಲ್ಲಿ ಕಸ್ತೂರಿಯ ದನಿ ಬಂತು.

"ಹಾಂ ಮಾವಾ, ಹೇಳ್ರಿ."

ನಾನು ಎಣಿಕೆ ಬಿಡಲಿಲ್ಲ. ಮೂವತ್ತೊಂದು, ಮೂವತ್ತೆರಡು.

"ಮಾವ ಅಲ್ಲಬೇ, ನಾನು. ನಿಮ್ಮ ಅಕ್ಕ," ಎಂದಳು ಸುಮಿತ್ರಾ. "ನನ್ನ ದನಿ ಈಗ ಹಿಂಗೈತಿ. ರೂಢಿ ಮಾಡ್ಕೊ. ಸುಮ್ನ ಕುಂತು ಕೇಳು."

ತಂತಿ ಗುಂಯ್ ಎಂದಿತು. ಅದರ ಪಕ್ಕದಲ್ಲೇ, ಅದರ ಮಟ್ಟದಲ್ಲೇ ಆ ದಪ್ಪ ದನಿ ಎದ್ದಿತು. ಬೀಸುವ ಹಾಡಿಗೆ ತಮಗೆ ಬೇಕಾದವರ ಹೆಸರು ಹಾಕಿಕೊಂಡು ಕಟ್ಟುತ್ತಾರೆ. ಅವಳೂ ಹಾಗೆಯೇ ಕಟ್ಟಿದಳು.

"ಕಲ್ಲು ತಿರಗ್ಯಾವ, ಕಾಳು ಸರದಾವ,
ನೆಲೋಗಿ ದಾರಿ ಬೆಳಗಾಗಿ, ಕಸ್ತೂರಿ
ಅಕ್ಕ ಕರದಾಳ ಓ ಅನ್ನ..."

ಫೋನಿನಲ್ಲಿ ಕಸ್ತೂರಿ, "ಓ ಅಕ್ಕಾ," ಎಂದಳು. ಆಮೇಲೆ ಅವಳು ಅಳುವುದು ಕೇಳಿಸಿತು. ಸುಮಿತ್ರಾ ಹಾಡು ನಿಲ್ಲಿಸಲಿಲ್ಲ.

ನನ್ನ ಕೈಯಲ್ಲಿನ ತಂತಿ ಸುತ್ತುತ್ತಲೇ ಇತ್ತು. ಐವತ್ತೋ, ಅರವತ್ತೋ, ಎಷ್ಟಾಯಿತು ಎಂದು ತಿಳಿಯಲಿಲ್ಲ. "ಏನಾತ್ರಿ? ಲೆಕ್ಕ ತಪ್ಪಿತೇನ್ರಿ?" ಎಂದು ರೈತ ಗಾಬರಿಯಾಗಿ ಕೇಳಿದ.

"ಹೌದ್ರಿ, ತಪ್ಪಿತು," ಎಂದೆ. ಕಣ್ಣು ಒರೆಸಿಕೊಂಡು, ಸುತ್ತಿದ್ದನ್ನೆಲ್ಲ ಬಿಚ್ಚಿ, ಮತ್ತೆ ಒಂದರಿಂದ ಶುರು ಮಾಡಿದೆ.